ರಿಜಿಸ್ಟರಿನ ಸಣ್ಣ ಅಕ್ಷರ

12 ಜೂನ್ 1995, ಸೋಮವಾರ

ಇವತ್ತು ನನ್ನ ಮೇಜನ್ನು ಆಫೀಸಿನಿಂದ ಗಿರಣಿ ಶೆಡ್ಡಿಗೆ ಸಾಗಿಸಿದರು. ಹದಿನಾಲ್ಕು ವರ್ಷ ಒಂದೇ ಕಿಟಕಿಯ ಪಕ್ಕದಲ್ಲಿದ್ದ ಮೇಜು. ನಾಲ್ಕು ಜನ ಹೊತ್ತರು. ಒಂದು ಕಾಲು ಬಾಗಿಲಿಗೆ ತಗುಲಿ ಸೀಳಿದೆ.

ಕಾರಣ ಐ.ಎಸ್.ಓ. 9002. ನಮ್ಮ ಮ್ಯಾಂಗನೀಸ್ ಪುಡಿ ಕೊಳ್ಳುವ ಬ್ಯಾಟರಿ ಕಂಪನಿಗಳು ಇನ್ನು ಮುಂದೆ ಆ ಸರ್ಟಿಫಿಕೇಟ್ ಇಲ್ಲದವರ ಮಾಲು ತೆಗೆದುಕೊಳ್ಳುವುದಿಲ್ಲವಂತೆ. ಅದಕ್ಕೆಂದು ಬೆಂಗಳೂರಿನಿಂದ ಒಬ್ಬ ಸಲಹೆಗಾರರು ಬಂದಿದ್ದರು. ಎರಡು ದಿನ ಓಡಾಡಿ ನೋಡಿ ಕೊಟ್ಟ ಮೊದಲ ಸಲಹೆಯೇ ಇದು: ಕೆಲಸ ಎಲ್ಲಿ ನಡೆಯುತ್ತದೋ ದಾಖಲೆಯನ್ನು ಅಲ್ಲಿಯೇ ಕೂತು ಬರೆಯಬೇಕು. ಇಷ್ಟು ದಿನ ಮೇಸ್ತ್ರಿ ಭರಮಣ್ಣ ಚೀಟಿಯಲ್ಲಿ ಗೀಚಿ ಕಳಿಸಿದ್ದನ್ನು ನಾನು ಆಫೀಸಿನಲ್ಲಿ ರಿಜಿಸ್ಟರಿಗೆ ಏರಿಸುತ್ತಿದ್ದೆ. ಇನ್ನು ಪುಡಿ ಚೀಲಕ್ಕೆ ಬೀಳುವ ಬಾಯಿಂದ ಎಂಟು ಅಡಿ ದೂರ ಕೂತು, ಗಂಟೆಗೊಮ್ಮೆ ಪುಡಿಯನ್ನು ಜರಡಿ ಹಿಡಿದು, ಚೀಲ ತೂಗಿ ಬರೆಯಬೇಕು.

ಭರಮಣ್ಣನಿಗೆ ಇದು ಸರಿಬಂದಿಲ್ಲ. ಪುಡಿ ಜರಡಿಯಲ್ಲಿ ಫೇಲಾದರೆ ಆ ರಾಶಿಯನ್ನು ಮತ್ತೆ ಬೀಸಬೇಕು. ಅವನ ಗುಂಪಿನದು ಚೀಲದ ಮೇಲೆ ಕೂಲಿ. ಇಷ್ಟು ವರ್ಷ ಅವನು ಚೀಟಿಯಲ್ಲಿ ಬರೆದದ್ದೇ ನಿಜವಾಗಿತ್ತು. ಈಗ ಎದುರಿಗೆ ನಾನು ಕೂತಿದ್ದೇನೆ.

ಈ ನೋಟುಬುಕ್ಕನ್ನು ಅದಕ್ಕಾಗಿಯೇ ಕೊಂಡೆ. ನಡೆದದ್ದು ಒಂದು, ರಿಜಿಸ್ಟರಿನಲ್ಲಿ ಬರೆಯಬೇಕಾದದ್ದು ಇನ್ನೊಂದು ಆಗಬಹುದು. ನಡೆದದ್ದು ಎಲ್ಲಾದರೂ ಒಂದು ಕಡೆ ಇರಬೇಕು.

1 ಜುಲೈ

ಶೆಡ್ಡಿನ ಗೋಡೆಯಲ್ಲಿ ಧೂಳು ಹೀರುವ ದೊಡ್ಡ ಫ್ಯಾನು ಇದೆ. ನಾನು ಬಂದ ಮೇಲೆ ಅದು ತಿರುಗಿದ್ದನ್ನು ನೋಡಿಲ್ಲ. ಹಾಕಿದರೆ ಧೂಳಿನ ಜೊತೆಗೆ ನಯವಾದ ಪುಡಿಯೂ ಹೊರಗೆ ಹೋಗಿ ಮಾಲು ಕಡಿಮೆಯಾಗುತ್ತದೆ ಎಂದು ಮೊದಲಿನಿಂದಲೂ ಬಂದ್ ಇಟ್ಟಿದ್ದಾರೆ. ನನ್ನ ಹೊಸ ಪಟ್ಟಿಯಲ್ಲಿ ಒಂದು ಪ್ರಶ್ನೆ ಇದೆ: ಫ್ಯಾನು ಸುಸ್ಥಿತಿಯಲ್ಲಿದೆಯೇ? ಏನು ಬರೆಯಲಿ ಎಂದು ಮ್ಯಾನೇಜರ್ ಕೊಟ್ರಯ್ಯನವರನ್ನು ಕೇಳಿದೆ.

"ಸುಸ್ಥಿತಿಯೊಳಗ ಐತಿಲ್ಲೋ? ಐತಿ. ತಿರುಗಾಕತ್ತೈತೇನು ಅಂತ ಎಲ್ಲಿ ಕೇಳ್ಯಾರ ಅಂದಾನಪ್ಪ?" ಎಂದರು.

ಹೌದು ಎಂದು ಬರೆದೆ. ಸುಳ್ಳಲ್ಲ.

ಬಟ್ಟೆಯ ಮೂಗುಪಟ್ಟಿ ಕೊಟ್ಟಿದ್ದಾರೆ. ಒಂದು ತಾಸಿಗೆ ಉಸಿರಿನ ತೇವಕ್ಕೆ ಕಪ್ಪು ಕೆಸರಾಗುತ್ತದೆ. ಯಾರೂ ಕಟ್ಟಿಕೊಳ್ಳುವುದಿಲ್ಲ. ಚೀಲ ಹೊಲಿಯುವ ಹುಲುಗಮ್ಮ ನನ್ನನ್ನು ನೋಡಿ, "ಸರ, ಶೆಡ್ಡಿಗೆ ಬಂದು ಹತ್ತು ವರ್ಷ ಸಣ್ಣೋರಾದ್ರಿ. ಮೀಸಿ ಎಲ್ಲಾ ಕರ್ರಗ ಆಗ್ಯಾವ ನೋಡ್ರಿ" ಎಂದಳು. ಎಲ್ಲರೂ ನಕ್ಕರು. ಭರಮಣ್ಣ ಎಲ್ಲರಿಗಿಂತ ಜಾಸ್ತಿ ನಕ್ಕ.

9 ಆಗಸ್ಟ್

ಗಿರಣಿ ನಡೆಸುವ ಎರ್ರೆಪ್ಪ ಇವತ್ತು ಬೆಲ್ಟಿನ ಹತ್ತಿರ ಬಿದ್ದ. ಕೈ ಸ್ವಲ್ಪದರಲ್ಲಿ ಉಳಿಯಿತು. ಇಪ್ಪತ್ತೆರಡು ವರ್ಷದ ಸರ್ವಿಸು. ಕೆಲವು ತಿಂಗಳಿಂದ ತುದಿಗಾಲಿನ ಮೇಲೆ, ಮೊಳಕೈ ಮಡಚಿಕೊಂಡು ಹುಂಜದ ಹಾಗೆ ನಡೆಯುತ್ತಾನೆ. ಶೆಡ್ಡಿನ ಗೇಟಿಗೆ "ಅಪಘಾತವಿಲ್ಲದ ದಿನಗಳು: 212" ಎಂಬ ಬೋರ್ಡು ಬಂದಿದೆ. ಇದನ್ನು ಅಪಘಾತ ಎಂದು ಬರೆದರೆ ಅದು ಸೊನ್ನೆಗೆ ಬರುತ್ತದೆ. ಕುಡಿದು ಬಂದವನು ಬಿದ್ದರೆ ಅದು ಅಪಘಾತವಲ್ಲ, ಶಿಸ್ತಿನ ವಿಷಯ ಎಂದರು ಕೊಟ್ರಯ್ಯನವರು.

ಎರ್ರೆಪ್ಪ ಲಿಂಗ ಮುಟ್ಟಿ ಆಣೆ ಮಾಡಿ ಸಾರಾಯಿ ಬಿಟ್ಟವನು ಎಂದಳು ಹುಲುಗಮ್ಮ. ನಾನು ಹತ್ತಿರ ಹೋಗಿ ನೋಡಿದೆ. ವಾಸನೆ ಇರಲಿಲ್ಲ. ಆದರೆ ನಡಿಗೆ ಕುಡಿದವನದೇ. "ಕುಡಿತದ ಅನುಮಾನ" ಎಂದು ಬರೆದೆ. ಅನುಮಾನ ಎಂದಷ್ಟೇ ಬರೆದದ್ದು. ಅವನನ್ನು ಮನೆಗೆ ಕಳಿಸಿದರು.

6 ಅಕ್ಟೋಬರ್

ಊಟದಿಂದ ಐದು ನಿಮಿಷ ಮೊದಲೇ ಬಂದೆ. ಭರಮಣ್ಣ ನನ್ನ ಕುರ್ಚಿಯಲ್ಲಿ ಕೂತಿದ್ದ. ರಿಜಿಸ್ಟರು ಮುಚ್ಚಿತ್ತು. ಎದ್ದು ನಿಂತು, ಕಾಲು ನೋಯುತ್ತಿತ್ತು ಎಂದ. ಶೆಡ್ಡಿನಲ್ಲಿ ಕೂರಲು ಚೀಲಗಳ ರಾಶಿಯೇ ಇದೆ.

ಪೆನ್ನು ಇಟ್ಟ ಜಾಗದಲ್ಲಿರಲಿಲ್ಲ.

18 ನವೆಂಬರ್

ಕಾಲುವೆ ಸೇತುವೆಯ ತಿರುವಿನಲ್ಲಿ ಸೈಕಲ್ಲಿನಿಂದ ಬಿದ್ದೆ. ಈ ತಿಂಗಳಲ್ಲಿ ಇದು ಎರಡನೆಯ ಸಲ. ಹ್ಯಾಂಡಲ್ ತಿರುಗಿಸಬೇಕೆಂದುಕೊಂಡಾಗ ತಿರುಗಲಿಲ್ಲ. ಸ್ವಲ್ಪ ಜಾರಿದ್ದರೆ ನೀರಿಗೆ. ಅಂಗಡಿಯವನು ಬಿಚ್ಚಿ ನೋಡಿ ಹ್ಯಾಂಡಲ್, ಬ್ರೇಕು ಎರಡೂ ಸರಿ ಇವೆ ಎಂದ. ಅವನು ಮಲಪನಗುಡಿಯವನು. ಭರಮಣ್ಣನೂ ಮಲಪನಗುಡಿಯವನೇ.

ಬಿದ್ದಾಗ ಎತ್ತಿ ಕೂರಿಸಿದವನು ಭರಮಣ್ಣ. ಹಿಂದೆಯೇ ಸೈಕಲ್ಲಿನಲ್ಲಿ ಬರುತ್ತಿದ್ದನಂತೆ. "ಒಬ್ರ ಹೋಗಬ್ಯಾಡ್ರಿ ಸರ, ನನ್ನ ಕೂಡ ಬರ್ರಿ ದಿನಾ" ಎಂದ.

ಅಷ್ಟು ಹತ್ತಿರ ಹಿಂದೆ ಬರುವುದಕ್ಕೆ ಕಾರಣವೇನು?

7 ಡಿಸೆಂಬರ್

ಸಲಹೆಗಾರರು ಮತ್ತೆ ಬಂದು ದಾಖಲೆಗಳನ್ನೆಲ್ಲ ನೋಡಿದರು. ಜರಡಿ ರಿಜಿಸ್ಟರನ್ನು ಹಿಂದಕ್ಕೂ ಮುಂದಕ್ಕೂ ತಿರುವಿ, "ಇದನ್ನು ಎಷ್ಟು ಜನ ಬರೆಯುತ್ತೀರಿ?" ಎಂದು ಕೇಳಿದರು. ನಾನೊಬ್ಬನೇ ಎಂದೆ. ಅವರು ಜೂನ್ ತಿಂಗಳ ಪುಟವನ್ನೂ ನವೆಂಬರ್ ಪುಟವನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು.

ಜೂನ್ ಪುಟ ನನ್ನದು. ನನ್ನ ಅಕ್ಷರ ಈ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಗೇಟಿನ ಮೇಲಿನ ಬೋರ್ಡು ಬರೆದವನೂ ನಾನೇ. ನವೆಂಬರ್ ಪುಟದ ತುಂಬ ಇರುವೆ ಸಾಲಿನಂಥ ಸಣ್ಣ ಅಕ್ಷರ. ಸಾಲಿನ ಕೊನೆಗೆ ಹೋಗುತ್ತ ಇನ್ನೂ ಸಣ್ಣದು. ಕೆಳಗೆ ನನ್ನ ಸಹಿ, ಅದೂ ಕುಗ್ಗಿದ್ದು. ಯಾರೋ ನನ್ನ ಸಹಿಯನ್ನೂ ಕಲಿತಿದ್ದಾರೆ.

ಒಬ್ಬರು ಬರೆಯಬೇಕಾದ ದಾಖಲೆಯನ್ನು ಇಬ್ಬರು ಬರೆದಿದ್ದಾರೆ, ಇದು ದೊಡ್ಡ ದೋಷ, ಫೆಬ್ರವರಿ ತಪಾಸಣೆಯೊಳಗೆ ಕಾರಣ ಹುಡುಕಿ ಸರಿಪಡಿಸಬೇಕು ಎಂದು ಸಲಹೆಗಾರರು ಬರೆದು ಹೋದರು. ಕೊಟ್ರಯ್ಯನವರು ನನ್ನ ಕಡೆ ನೋಡಿದ ರೀತಿ ನನಗೆ ಹಿಡಿಸಲಿಲ್ಲ.

9 ಡಿಸೆಂಬರ್

ಎಣಿಸಿದೆ. ಸಣ್ಣ ಅಕ್ಷರದ್ದು ನಲವತ್ತಾರು ಪುಟ. ಚೀಲಗಳ ತೂಕವನ್ನು ಗೋದಾಮಿನ ಪುಸ್ತಕಕ್ಕೆ ತಾಳೆ ನೋಡಿದೆ. ಒಂದೂ ತಪ್ಪಿಲ್ಲ. ಫೇಲಾದ ಜರಡಿಯನ್ನೂ ಫೇಲು ಎಂದೇ ಬರೆದಿದೆ. ನಿಜವನ್ನೇ ಬರೆಯುವುದಾದರೆ ಕದ್ದು ಬರೆಯುವುದೇಕೆ? ಇದು ಸುಳ್ಳು ಬರೆಯುವುದಕ್ಕಿಂತ ಅಪಾಯದ ಆಟ. ಮೊದಲು ನಂಬಿಕೆ ಬರಿಸಿ ಆಮೇಲೆ ಕೈ ತೋರಿಸುವ ಉಪಾಯ.

ನಾನು ಬರೆಯುವಾಗ ಅಕ್ಷರ ಸರಿಯಾಗಿಯೇ ಇರುತ್ತದೆ. ಪುಟ ಮುಗಿದ ಮೇಲೆ ತಿರುಗಿ ನೋಡಿದರೆ ಸಣ್ಣದು. ಅಂದರೆ ನಾನು ಬರೆದ ಹಾಳೆಯನ್ನು ಕಿತ್ತು, ಅದನ್ನೇ ನಕಲು ಮಾಡಿದ ಬೇರೆ ಹಾಳೆ ಸೇರಿಸುತ್ತಿದ್ದಾನೆ.

15 ಜನವರಿ 1996

ಸಂಕ್ರಾಂತಿಗೆ ಹೆಂಡತಿ ನೀಲಗಂಗಮ್ಮನ ತವರಿಗೆ, ಕಂಪ್ಲಿಗೆ ಹೋಗಿದ್ದೆವು. ಕಾಲುವೆ ನೀರಿನ ಎರಡನೆಯ ಬೆಳೆಗೆ ನಾಟಿ ನಡೆದಿತ್ತು. ಊಟಕ್ಕೆ ಕೂತಾಗ ಅವಳ ತಮ್ಮ, "ಮಾವ, ಏನರ ತಪ್ಪಾತೇನ್ರಿ ನಮ್ಮಿಂದ? ಬಂದಾಗಿಂದ ಮುಖ ಗಂಟು ಹಾಕ್ಕೊಂಡು ಕುಂತೀರಿ" ಎಂದ. ನಾನು ನಗುತ್ತಲೇ ಇದ್ದೆ. ಹಾಗೆಂದೆ. ಅವನು ಏನಂದ್ರಿ ಎಂದು ಎರಡು ಸಲ ಕೇಳಿದ. ಶೆಡ್ಡಿನವರೂ ಹೀಗೆಯೇ, ಬೇಕೆಂದೇ ಕಿವುಡರ ಹಾಗೆ ನಟಿಸುತ್ತಾರೆ. ಇಲ್ಲಿಗೂ ಸುದ್ದಿ ಮುಟ್ಟಿದೆ.

ಹೊಸ ಅಂಗಿಯ ಗುಂಡಿಗಳನ್ನು ದರ್ಜಿ ಬಿಗಿ ಮಾಡಿಬಿಟ್ಟಿದ್ದಾನೆ. ಹಾಕುವುದಕ್ಕೆ ಕಾಲು ಗಂಟೆ ಬೇಕಾಯಿತು. ನೀಲಗಂಗಮ್ಮ ಬಂದು ಹಾಕಿದಳು. ಅವಳಿಗೆ ಸಲೀಸಾಗಿ ಬಂತು.

24 ಜನವರಿ

ರಿಜಿಸ್ಟರಿನ ಮುಂದಿನ ಹತ್ತು ಹಾಳೆಗಳ ಮೂಲೆಗೆ ಯಾರಿಗೂ ಕಾಣದಂತೆ ಗುಂಡುಸೂಜಿ ಚುಚ್ಚಿ ಗುರುತು ಮಾಡಿದ್ದೆ. ಊಟಕ್ಕೆ ಹೋಗುವಾಗ ಬೀಗ. ಬೀಗದ ಕೈ ಉಡಿದಾರದಲ್ಲಿ. ಇವತ್ತು ನೋಡಿದೆ. ಚುಚ್ಚಿದ ಗುರುತುಗಳು ಹಾಗೇ ಇವೆ. ಅದೇ ಹಾಳೆಗಳ ಮೇಲೆ ಸಣ್ಣ ಅಕ್ಷರ.

ಗುರುತನ್ನೂ ಕಂಡುಹಿಡಿದು ನಕಲು ಮಾಡಿದ್ದಾನೆ. ನಾನು ತಿಳಿದದ್ದಕ್ಕಿಂತ ಜಾಣ.

3 ಫೆಬ್ರವರಿ

ದೂರು ಕೊಟ್ಟೆ. ಕೊಟ್ರಯ್ಯನವರ ಕೋಣೆಗೆ ಭರಮಣ್ಣನನ್ನು ಕರೆಸಿದರು. ತಪಾಸಣೆಗೆ ಹನ್ನೊಂದು ದಿನ ಉಳಿದಿತ್ತು. ಸಲಹೆಗಾರರು ಬರೆದ ದೋಷದ ಎದುರಿಗೆ "ಕಾರಣ" ಮತ್ತು "ಕೈಗೊಂಡ ಕ್ರಮ" ಎಂಬ ಎರಡು ಕಾಲಂ ಖಾಲಿ ಇದ್ದವು.

ಭರಮಣ್ಣ ಅವರ ಕಡೆ ತಿರುಗದೆ ನನ್ನ ಕಡೆ ತಿರುಗಿ ಹೇಳಿದ. "ಸರ, ನಾನು ಏಳನೇ ಕ್ಲಾಸು. ನನ್ನ ಅಕ್ಷರ ಒಂದೊಂದೂ ಎಮ್ಮಿ ಮಲಗಿದಂಗ ಇರ್ತಾವ. ಇಷ್ಟು ಸಣ್ಣಗ ಬರಿ ಅಂದ್ರ ನನಗ ಬರಂಗಿಲ್ಲ. ಹದಿನೇಳು ವರ್ಷ ಆತು ಇಲ್ಲಿ ಬಂದು. ನನ್ನ ಮ್ಯಾಲೆ ಹಾಕಬ್ಯಾಡ್ರಿ."

ಆಗ ನನಗೆ ನಗು ಬಂತು. ಯಾಕೆ ಬಂತೋ ತಿಳಿಯಲಿಲ್ಲ. ನಗುವಂಥದ್ದೇನೂ ಇರಲಿಲ್ಲ. ತಡೆಯಲು ನೋಡಿದೆ, ಆಗಲಿಲ್ಲ. ಭರಮಣ್ಣ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ಹೊರಗೆ ಹೋದ.

ಅವನನ್ನು ಕೆಲಸದಿಂದ ನಿಲ್ಲಿಸಿದರು. ಎರಡೂ ಕಾಲಂ ತುಂಬಿದವು.

16 ಫೆಬ್ರವರಿ

ತಪಾಸಣೆ ಮುಗಿಯಿತು. ಎರಡೂ ದಿನ ಫ್ಯಾನು ತಿರುಗಿತು. ಶೆಡ್ಡಿನ ಆ ಕಡೆಯ ಗೋಡೆಗೆ ಒಂದು ಕಿಟಕಿ ಇದೆ ಎಂದು ನನಗೆ ಇವತ್ತೇ ಗೊತ್ತಾದದ್ದು. ಪಾಸಾಗಿದ್ದೇವೆ.

ಪೇಡೆ ಹಂಚಿದರು. ನನ್ನದು ಕೈಯಿಂದ ಬಿತ್ತು.

9 ಮಾರ್ಚ್

ಭರಮಣ್ಣ ಹೋಗಿ ಐದು ವಾರ. ಸಣ್ಣ ಅಕ್ಷರ ನಿಂತಿಲ್ಲ.

ಯಾರು? ಹುಲುಗಮ್ಮ ಹೆಬ್ಬೆಟ್ಟಿನವಳು. ಹೊಸ ಮೇಸ್ತ್ರಿಗೆ ತೆಲುಗು ಮಾತ್ರ ಬರುತ್ತದೆ. ಭರಮಣ್ಣ ನನ್ನ ಕುರ್ಚಿಯಲ್ಲಿ ಕೂತ ದಿನ ಯಾವುದು ನೋಡೋಣ, ಆವತ್ತು ಜೊತೆಗೆ ಬೇರೆ ಯಾರಿದ್ದರು ತಿಳಿಯಬಹುದು ಎಂದು ಮನೆಗೆ ಬಂದು ಈ ನೋಟುಬುಕ್ಕನ್ನು ಮೊದಲಿನಿಂದ ತಿರುವಿದೆ.

ಜೂನ್ ತಿಂಗಳಲ್ಲಿ ಪುಟಕ್ಕೆ ಹದಿನೆಂಟು ಸಾಲು. ಅಕ್ಟೋಬರಿನಲ್ಲಿ ಇಪ್ಪತ್ತಾರು. ಜನವರಿಯಲ್ಲಿ ನಲವತ್ತೊಂದು. ಇರುವೆ ಸಾಲು.

ಅವನು ನನ್ನ ಮನೆಗೂ ಬಂದಿದ್ದಾನೆ ಎಂಬುದೇ ನನಗೆ ಹೊಳೆದ ಮೊದಲ ಮಾತು. ನೀಲಗಂಗಮ್ಮನನ್ನು ಕರೆದು ಈ ನೋಟುಬುಕ್ಕು ಇಡುವ ಟ್ರಂಕು ಯಾರು ತೆಗೆದರು ಎಂದು ಕೇಳಿದೆ. ನಾನು ಇಲ್ಲದಾಗ ಯಾರು ಬರುತ್ತಾರೆ ಎಂದೂ ಕೇಳಿದೆ. ಅದನ್ನು ಕೇಳಬಾರದಿತ್ತು.

ಅವಳು ಅಕ್ಕಿ ಮೊರ ಕೆಳಗಿಟ್ಟಳು. "ಯಾರೂ ಬರಂಗಿಲ್ರಿ. ನೀವು ಬರಿಯೋವಾಗ ನಾನು ಎದುರಿಗೇ ಕುಂತಿರ್ತೀನಿ. ನಾಕು ಸಾಲಿಗೆ ಒಂದು ತಾಸು ತಗೋತೀರಿ. ದೀಪಾವಳಿಯಿಂದ ನೋಡಾಕತ್ತೀನಿ. ಕೈ, ನಡಿಗಿ, ಮಾತು, ಎಲ್ಲಾ ಬ್ಯಾರೆ ಆಗೈತಿ. ಹೇಳಿದ್ರ ನನ್ನ ಮ್ಯಾಲೂ ಸಂಶಯ ತಗೋತೀರಿ ಅಂತ ಬಾಯಿ ಮುಚ್ಕೊಂಡಿದ್ದೆ."

ಪೆನ್ನು ತೆಗೆದು ಅವಳೆದುರಿಗೆ ನನ್ನ ಹೆಸರು ಬರೆದೆ. ದೊಡ್ಡದಾಗಿ ಬರೆಯುತ್ತೇನೆ ಎಂದುಕೊಂಡೇ ಬರೆದೆ. ಮೊದಲ ಅಕ್ಷರ ದೊಡ್ಡದು. ಕೊನೆಯದು ಎಳ್ಳಿನಷ್ಟು.

12 ಮಾರ್ಚ್

ಹೊಸಪೇಟೆಯ ಡಾಕ್ಟರು ನಡೆಸಿ ನೋಡಿದರು. ಹಿಂದಕ್ಕೆ ನಡೆಯಿರಿ ಎಂದರು, ಆಗಲಿಲ್ಲ, ಬೀಳುವ ಹಾಗಾದೆ. ಬೆರಳುಗಳನ್ನು ಮಡಚಿ ಬಿಚ್ಚಿಸಿದರು. ಒಂದು ಸಾಲು ಬರೆಸಿದರು. ಆಮೇಲೆ ಎಲ್ಲಿ ಕೆಲಸ ಎಂದು ಕೇಳಿದರು. ಹೇಳಿದೆ. ಎಷ್ಟು ಅಡಿ ದೂರ ಕೂರುತ್ತೀರಿ ಎಂದು ಕೇಳಿದರು. ಅದನ್ನೂ ಹೇಳಿದೆ.

ಮ್ಯಾಂಗನೀಸ್ ಧೂಳು ಉಸಿರಿನ ದಾರಿಯಲ್ಲಿ ಹೋಗಿ, ಕೈಕಾಲು ಆಡಿಸುವ ಮಿದುಳಿನ ಭಾಗಕ್ಕೆ ಹಿಡಿಯುತ್ತದಂತೆ. ಅಕ್ಷರ ಕುಗ್ಗುವುದು, ದನಿ ಕುಗ್ಗುವುದು, ಮುಖ ಬಿಗಿಯುವುದು, ಕಾರಣವಿಲ್ಲದೆ ನಗು ಬರುವುದು, ತುದಿಗಾಲಿನ ನಡಿಗೆ, ಎಲ್ಲ ಅದರದೇ. ಎಲ್ಲರಿಗೂ ಒಂದೇ ಥರ ಬರುವುದಿಲ್ಲ. ಸಿಟ್ಟು, ಸಂಶಯವೂ ಅದರಲ್ಲಿ ಇರುತ್ತವೆ ಎಂದು ನೀಲಗಂಗಮ್ಮನ ಕಡೆ ನೋಡಿ ಹೇಳಿದರು. ಧೂಳು ಬಿಟ್ಟರೆ ಇಲ್ಲಿಗೇ ನಿಲ್ಲಬಹುದು. ಹೋದದ್ದು ಪೂರ್ತಿ ಬರುವ ಭರವಸೆ ಇಲ್ಲ.

ಎರ್ರೆಪ್ಪನ ನಡಿಗೆಯ ಬಗ್ಗೆ ಹೇಳಿದೆ. ಅವನನ್ನೂ ಕರೆತನ್ನಿ ಎಂದರು. ಅವನು ಕುಡಿದಿರಲಿಲ್ಲ. ಅನುಮಾನ ಎಂದಷ್ಟೇ ಬರೆದದ್ದು ಎಂದು ನಾನು ಬರೆದುಕೊಂಡದ್ದು ಹಿಂದಿನ ಪುಟದಲ್ಲಿದೆ. ಅದನ್ನು ಹೊಡೆದುಹಾಕುವುದಿಲ್ಲ.

17 ಮಾರ್ಚ್, ಭಾನುವಾರ

ಮಲಪನಗುಡಿಗೆ ಹೋದೆ. ಭರಮಣ್ಣ ಕಟ್ಟೆಯ ಮೇಲೆ ಕೂತಿದ್ದ. ಕುಂದ್ರಿ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಅಕ್ಷರ ನನ್ನದೇ ಎಂದೆ. ದನಿ ಕೇಳದೆ ಅವನು ಹತ್ತಿರ ಬಂದ. ಇನ್ನೊಂದು ಸಲ ಹೇಳಿದೆ.

"ಆವತ್ತು ನಕ್ಕಿರಲ್ಲ ಸರ," ಎಂದ. "ಕೆಲಸ ಹೋಗಿದ್ದು ಹೆಂಗರ ತಡಕೊಂಡೆ. ಆ ನಗು ತಡಕೊಳ್ಳಾಕ ಆಗಿಲ್ಲ."

ಅದೂ ರೋಗದ್ದು ಎಂದೆ. ಅವನು ನಂಬಿದನೋ ಇಲ್ಲವೋ. ನಂಬದಿದ್ದರೆ ಅವನ ತಪ್ಪೇನೂ ಇಲ್ಲ.

ಬರೆದುಕೊಡುತ್ತೇನೆ ಎಂದು ಕಾಗದ ತೆಗೆದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಅವನ ಹೆಂಡತಿ ಎರಡು ಸಲ ಬಂದು ನೋಡಿ ಹೋದಳು. ಭರಮಣ್ಣ ಕಾಗದವನ್ನು ಬಿಸಿಲಿಗೆ ಹಿಡಿದ. "ಇದನ್ನ ಯಾರು ಓದ್ತಾರ್ರಿ? ಕೊಡ್ರಿ ಇಲ್ಲಿ" ಎಂದು ಪೆನ್ನು ಇಸಿದುಕೊಂಡ. ನಾನು ಹೇಳಿದೆ, ಅವನು ಬರೆದ. ರಿಜಿಸ್ಟರಿನ ಅಕ್ಷರ ನನ್ನದು. ಭರಮಣ್ಣ ಅದನ್ನು ಮುಟ್ಟಿಲ್ಲ. ಎರ್ರೆಪ್ಪ ಕುಡಿದಿರಲಿಲ್ಲ. ಜೂನ್ 12ರಿಂದ ತಪಾಸಣೆಯ ಎರಡು ದಿನ ಬಿಟ್ಟು ಫ್ಯಾನು ತಿರುಗಿಲ್ಲ. ನನಗೆ ಮತ್ತು ಎರ್ರೆಪ್ಪನಿಗೆ ಬಂದದ್ದು ಧೂಳಿನ ರೋಗ, ಅಪಘಾತದ ಪುಸ್ತಕದಲ್ಲಿ ಏರಿಸಬೇಕು. ಒಂದು ಹಾಳೆ ಸಾಲದೆ ಎರಡಾಯಿತು.

ಕೊನೆಗೆ ಅವನೇ ಪೆನ್ನು ನಿಲ್ಲಿಸಿ ನಕ್ಕ. "ಇಷ್ಟು ದಿನ ನಿಮ್ಮ ಹೆಸರಿನ್ಯಾಗ ನಾನು ಬರೀತೀನಿ ಅಂದ್ರಿ. ಈಗ ಖರೇನ ಬರಿಸಿದ್ರಿ. ಇದನ್ನ ನೋಡಿದ್ರ ಸಾಹೇಬ್ರು ಏನಂತಾರ?"

ಅದಕ್ಕೆ ನಾನೂ ಜೊತೆಗೆ ಬರುತ್ತೇನೆ ಎಂದೆ. ಸಹಿ ಹಾಕಿದೆ.

21 ಮಾರ್ಚ್

ಸೋಮವಾರ ಇಬ್ಬರೂ ಆಫೀಸಿಗೆ ಹೋದಾಗ ನಡೆದದ್ದನ್ನು ಮೂರು ದಿನ ಕೂತು ಬರೆದಿದ್ದೇನೆ.

ಕೊಟ್ರಯ್ಯನವರು ಎರಡೂ ಹಾಳೆ ಓದಿ, ಇದು ಭರಮಣ್ಣನ ಕೈಬರಹ, ಹೆದರಿಸಿ ನಿಮ್ಮಿಂದ ಸಹಿ ಹಾಕಿಸಿರಬಹುದು ಎಂದರು. ಸರಿ, ನಿಮ್ಮೆದುರಿಗೆ ಬರೆಯುತ್ತೇನೆ ಎಂದೆ. ಅವರು ಬಿಳಿ ಹಾಳೆ ಕೊಟ್ಟರು. ತೂಕ 50 ಕೆ.ಜಿ., ಜರಡಿ ಪಾಸು, ಫ್ಯಾನು ಬಂದ್, ಎಂದು ಬರೆದು ಸಹಿ ಮಾಡಿ ದಿನಾಂಕ ಹಾಕಿದೆ. ಅವರು ನವೆಂಬರಿನ ರಿಜಿಸ್ಟರು ತರಿಸಿ ಪಕ್ಕದಲ್ಲಿಟ್ಟು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು.

ಆಮೇಲೆ ಮಾತು ಮೆತ್ತಗಾಯಿತು. ಭರಮಣ್ಣ ನಾಳೆಯಿಂದಲೇ ಬರಲಿ ಎಂದರು. ನನ್ನ ಮೇಜನ್ನು ಮತ್ತೆ ಆಫೀಸಿಗೆ ತರಿಸೋಣ, ರಜೆ ತೆಗೆದುಕೊಳ್ಳಿ, ಆಸ್ಪತ್ರೆಯದನ್ನು ನೋಡಿಕೊಳ್ಳೋಣ ಎಂದರು. ಅಷ್ಟು ಹೇಳುತ್ತ ಮೂರೂ ಹಾಳೆಗಳನ್ನು ಮಡಚಿದರು. ಫೈಲು ಅಲ್ಲೇ ಕೈಗೆ ಸಿಗುವಂತೆ ಇತ್ತು. ಹಾಳೆಗಳು ಅಂಗಿಯ ಜೇಬಿಗೆ ಹೋದವು.

ನಾನು ಒಂಬತ್ತು ತಿಂಗಳು ತಪ್ಪು ಜನರನ್ನು ನೋಡುತ್ತ ಕೂತಿದ್ದೆ. ಈಗ ಈ ಜೇಬನ್ನು ನೋಡಿದೆ. ಸಂಖ್ಯೆ ಇಲ್ಲದ ಯಾವ ಹಾಳೆಯೂ ಕಾರ್ಖಾನೆಯಲ್ಲಿ ಇರಬಾರದು, ಸಂಖ್ಯೆ ಬಿದ್ದ ಹಾಳೆ ತಪಾಸಣೆಯವರು ಮತ್ತೆ ಬಂದಾಗ ಕಾಣದಿದ್ದರೆ ಸರ್ಟಿಫಿಕೇಟ್ ಉಳಿಯುವುದಿಲ್ಲ. ಇದು ಅವರೇ ಗೋಡೆಗೆ ಅಂಟಿಸಿರುವ ನಿಯಮ.

"ನಂಬರು ಹಾಕ್ರಿ ಸರ್" ಎಂದೆ.

ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಕಿಟಕಿಯ ಕಡೆ ನೋಡುತ್ತಿದ್ದರು. ಇದು ನನ್ನ ದನಿಯ ದೋಷವೋ ಅವರು ಬೇಕೆಂದೇ ಕೇಳಿಸಿಕೊಳ್ಳದ್ದೋ, ಈಗಲೂ ಹೇಳಲಾರೆ.

ಭರಮಣ್ಣ ಬಾಗಿಲ ಹತ್ತಿರ ನಿಂತಿದ್ದ. ಒಂದು ಹೆಜ್ಜೆ ಮುಂದೆ ಬಂದ. "ನಂಬರು ಹಾಕ್ರಿ ಅಂತ ಹೇಳಾಕತ್ತಾರ್ರಿ ನಮ್ಮ ಸರ," ಎಂದ. ಗಿರಣಿಯ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ದನಿ. ಹೊರಗೆ ಟೈಪು ಮಾಡುತ್ತಿದ್ದವರು ನಿಲ್ಲಿಸಿದರು. "ಮೂರು ಹಾಳಿ ಅದಾವ್ರಿ, ಮೂರಕ್ಕೂ."

ಕೊಟ್ರಯ್ಯನವರು ಬಾಗಿಲ ಆಚೆಯ ಜನರನ್ನು ನೋಡಿದರು. ಹಾಳೆಗಳು ಜೇಬಿನಿಂದ ಹೊರಗೆ ಬಂದವು. ಅವರು ಪೆನ್ನಿನ ಮುಚ್ಚಳ ತೆಗೆದರು. 118, 119, 120.